ಮಾಕ್ಸಾ ಬತ್ತಿ ಮನೆಯಲ್ಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಾಚಿಪತ್ರೆ ಜಾತಿಯ ಗಿಡದ ಒಣ ಎಲೆಯನ್ನು ಅರಳೆಯ ಹಾಗೆ ಕುಟ್ಟಿದರೆ ಮಾಕ್ಸಾ. ಅದಕ್ಕೆ ಕೆಂಡ ಹತ್ತಿಸಿ, ಮೈಗೆ ಕಾವು ಕೊಡುವ ಚೀನಾ, ಜಪಾನಿನ ಚಿಕಿತ್ಸೆಗೆ ಮಾಕ್ಸಿಬಷನ್ ಎನ್ನುತ್ತಾರೆ. ಸೂಜಿ ಚುಚ್ಚುವ ಆಕ್ಯುಪಂಕ್ಚರಿನ ಜೊತೆಗೇ ಬೆಳೆದದ್ದು. 2010ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಚೀನಾದ ಈ ಎರಡೂ ಒಟ್ಟಿಗೇ ಸೇರಿದವು. ನಮ್ಮ ಕೆಲವು ಕ್ಲಿನಿಕ್‌ಗಳು ಮಾಕ್ಸಾವನ್ನು ಕಾಗದದಲ್ಲಿ ಸುತ್ತಿದ ಬತ್ತಿಯ ಪೊಟ್ಟಣ ಕೈಗಿತ್ತು "ಮನೇಲೇ ಮಾಡ್ಕೊಳ್ಳಿ" ಎನ್ನುತ್ತವೆ, ಆನ್‌ಲೈನಿನಲ್ಲೂ ಸಿಗುತ್ತದೆ. ಬಂದ ಪತ್ರಗಳಲ್ಲಿ ಹೆಚ್ಚಿನವರು ಮೈಮೇಲಿನ ಯಾವ ಬಿಂದುವಿಗೆ ಕಾವು ಕೊಡಬೇಕು ಎಂದು ಕೇಳಿದ್ದಾರೆ. ಬಿಂದು ಬೆರಳಗಲ ಆಚೀಚೆಯಾದರೆ ಯಾರಿಗೂ ಏನೂ ಆಗುವುದಿಲ್ಲ. ಅನಾಹುತ ಆಗುವುದು ಬೂದಿ ಮೈಮೇಲೆ ಉದುರಿದಾಗ, ಬತ್ತಿ ಪೂರ್ತಿ ಆರದೆ ಉಳಿದಾಗ, ಬಿಸಿ ಗೊತ್ತಾಗದ ಚರ್ಮಕ್ಕೆ ಕಾವು ಕೊಟ್ಟಾಗ. ಉತ್ತರಗಳಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಅಮ್ಮನಿಗೆ 58 ವರ್ಷ, ಮಂಡಿನೋವು. ಕ್ಲಿನಿಕ್‌ನಲ್ಲಿ ಹತ್ತು ಬತ್ತಿ ಕೊಟ್ಟಿದ್ದಾರೆ, ಹೇಗೆ ಬಳಸಬೇಕೆಂದು ಸರಿಯಾಗಿ ಹೇಳಲಿಲ್ಲ. ಹಂತ ಹಂತವಾಗಿ ತಿಳಿಸಿ.
— ಓದುಗರು, ಶಿವಮೊಗ್ಗ

ಮೊದಲು ಮಂಡಿ ನೋಡಿ. ಕೆಂಪಾಗಿ, ಊದಿಕೊಂಡು, ಮುಟ್ಟಿದರೆ ಬಿಸಿಯಾಗಿದ್ದರೆ ಯಾವ ಶಾಖವೂ ಬೇಡ, ವೈದ್ಯರ ಬಳಿ ಹೋಗಿ. ಬೆಳಿಗ್ಗೆ ಎದ್ದಾಗ ಬಿಗಿತ, ಮೆಟ್ಟಿಲು ಹತ್ತುವಾಗ ನೋವು, ಊತವಿಲ್ಲ ಎಂದಾದರೆ ಪ್ರಯತ್ನಿಸಬಹುದು. ಕೆಲವು ಪ್ರಯೋಗಗಳಲ್ಲಿ ಮಂಡಿನೋವು ಸ್ವಲ್ಪ ತಗ್ಗಿದ್ದು ಕಂಡಿದೆ, ಆದರೆ ಅವುಗಳಲ್ಲಿ ಬಹುಪಾಲು ಗಟ್ಟಿಯಾದ ಅಧ್ಯಯನಗಳಲ್ಲ. ಸವೆದ ಮೂಳೆ ಇದರಿಂದ ಬೆಳೆಯುವುದಿಲ್ಲ. ನಡೆಯುತ್ತಿರುವ ಮಾತ್ರೆ, ವ್ಯಾಯಾಮ ಯಾವುದನ್ನೂ ನಿಲ್ಲಿಸಬೇಡಿ.

ಸಾಮಾನು: ಬತ್ತಿ, ಮೇಣದ ಬತ್ತಿ, ಬೂದಿಗೆ ದಪ್ಪ ಅಂಚಿನ ಪಿಂಗಾಣಿ ಬಟ್ಟಲು, ಆರಿಸಲು ಮುಕ್ಕಾಲು ಭಾಗ ಒಣ ಮರಳು ತುಂಬಿದ ಸ್ಟೀಲ್ ಡಬ್ಬಿ, ಒಂದು ಚೊಂಬು ನೀರು, ಒದ್ದೆ ಮಾಡಿ ಹಿಂಡಿದ ಹತ್ತಿ ಟವೆಲ್. ಫ್ಯಾನ್ ನಿಲ್ಲಿಸಿ, ಕಿಟಕಿ ತೆರೆಯಿರಿ. ಫ್ಯಾನ್ ಗಾಳಿಗೆ ಬೂದಿ ಹಾರುತ್ತದೆ, ಕೆಂಡವೂ ಬೇಗ ಉರಿಯುತ್ತದೆ. ನೈಲಾನ್ ನೈಟಿ, ಪಾಲಿಯೆಸ್ಟರ್ ಸೀರೆ ಬೇಡ, ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಆ ದಿನ ಮಂಡಿಗೆ ನೋವಿನ ಮುಲಾಮು, ಎಣ್ಣೆ, ಸ್ಪಿರಿಟ್ ಏನೂ ಹಚ್ಚಿರಬಾರದು. ಪುದೀನ ಸತ್ವದ ಮುಲಾಮು ಹಚ್ಚಿದ ಚರ್ಮ ತಣ್ಣಗೆ ಅನಿಸುತ್ತಿರುತ್ತದೆ, ಕಾವು ಎಷ್ಟಾಯಿತೆಂದು ಸರಿಯಾಗಿ ತಿಳಿಯುವುದಿಲ್ಲ.

ಮಾಮೂಲಿ ಬತ್ತಿ ಸುಮಾರು 20 ಸೆಂಟಿಮೀಟರ್ ಉದ್ದ, ಹೆಬ್ಬೆರಳಿನಷ್ಟು ದಪ್ಪ. ಹೊರಗಿನ ಬಣ್ಣದ ಲೇಬಲ್ ಕಾಗದ ಬಿಚ್ಚಿ, ಒಳಗಿನ ತೆಳು ಬಿಳಿ ಕಾಗದ ಹಾಗೇ ಇರಲಿ. ಮೇಣದ ಬತ್ತಿಯ ಮೇಲೆ ತಿರುಗಿಸುತ್ತಾ ತುದಿ ಪೂರ್ತಿ ಕೆಂಡವಾಗುವವರೆಗೆ ಹಿಡಿಯಿರಿ, ಒಂದು ನಿಮಿಷ ಬೇಕಾಗಬಹುದು. ಮೆಲ್ಲಗೆ ಊದಿದಾಗ ಅಂಚಿನಿಂದ ನಡುವಿನವರೆಗೂ ಒಂದೇ ಕೆಂಪು ಕಾಣಬೇಕು. ಒಂದೇ ಪಕ್ಕ ಹತ್ತಿದ ಬತ್ತಿ ಓರೆಯಾಗಿ ಉರಿದು ಬೂದಿಯನ್ನು ಬೇಗ ಉದುರಿಸುತ್ತದೆ.

ಅಮ್ಮ ದಿಂಬಿಗೆ ಒರಗಿ ಕಾಲು ಚಾಚಿ ಕುಳಿತಿರಲಿ. ಮಂಡಿಚಿಪ್ಪಿನ ಕೆಳಗೆ ಎರಡೂ ಪಕ್ಕ ತಗ್ಗುಗಳಿವೆ, ಅವೇ ಎರಡು ಜಾಗ. ಮೂರನೆಯದು ಹೊರಗಿನ ತಗ್ಗಿನಿಂದ ಅವರದೇ ನಾಲ್ಕು ಬೆರಳಗಲ ಕೆಳಗೆ, ಮುಂಗಾಲ ಮೂಳೆಯ ಏಣಿನಿಂದ ಒಂದು ಬೆರಳು ಹೊರಕ್ಕೆ. ಇದು ಝೂಸಾನ್‌ಲಿ, ಚೀನಾದಲ್ಲೂ ಜಪಾನಿನಲ್ಲೂ ಮನೆಮನೆಗೆ ಗೊತ್ತಿರುವ ಬಿಂದು.

ಬತ್ತಿಯನ್ನು ಪೆನ್ನಿನಂತೆ ಹಿಡಿದು, ಅದೇ ಕೈಯ ಕಿರುಬೆರಳನ್ನು ಅಮ್ಮನ ಕಾಲಿಗೆ ಊರಿ. ಅವರು ಕಾಲು ಅಲುಗಿಸಿದರೆ ನಿಮ್ಮ ಕೈಯೂ ಅಲುಗುತ್ತದೆ, ಅಂತರ ಕೆಡುವುದಿಲ್ಲ. ಇನ್ನೊಂದು ಕೈಯ ಎರಡು ಬೆರಳನ್ನು ಬಿಂದುವಿನ ಆಚೆ ಈಚೆ ಇಡಿ, ಕಾವು ಎಷ್ಟಾಯಿತೆಂದು ನಿಮಗೇ ತಿಳಿಯುತ್ತಿರುತ್ತದೆ. 5 ಸೆಂಟಿಮೀಟರ್ ದೂರದಿಂದ ಶುರುಮಾಡಿ, ಹಿತವಾಗಿ ಬೆಚ್ಚಗಾಗುವವರೆಗೆ ಇಳಿಸಿ. ಸಾಮಾನ್ಯವಾಗಿ ಅದು 3 ಸೆಂಟಿಮೀಟರ್ ಹತ್ತಿರ ನಿಲ್ಲುತ್ತದೆ. ಒಂದೇ ಕಡೆ ಹಿಡಿಯದೆ ರೂಪಾಯಿ ನಾಣ್ಯದಗಲ ಸುತ್ತುತ್ತಿದ್ದರೆ ಇನ್ನೂ ಕ್ಷೇಮ. "ಚುರುಕ್" ಎಂದರೆ ತಕ್ಷಣ ಮೇಲೆತ್ತಿ. ಸಹಿಸಿಕೊಂಡರೆ ಗುಣ ಹೆಚ್ಚು ಎಂಬುದು ಸುಳ್ಳು.

ಬೂದಿ ಒಂದು ಸೆಂಟಿಮೀಟರ್ ಬೆಳೆಯುವ ಮುಂಚೆಯೇ ಬತ್ತಿಯನ್ನು ಕಾಲಿನಿಂದ ದೂರ ಒಯ್ದು, ಬಟ್ಟಲಿನ ಅಂಚಿಗೆ ತಿರುಗಿಸುತ್ತಾ ಉಜ್ಜಿ ಬೀಳಿಸಿ. ಒಂದೆರಡು ನಿಮಿಷಕ್ಕೊಮ್ಮೆ ಇದು ಬೇಕೇ ಬೇಕು. ಮಾತಾಡುತ್ತಾ, ಟಿ.ವಿ. ನೋಡುತ್ತಾ ಮಾಡುವ ಕೆಲಸವಲ್ಲ.

ಮೊದಲ ದಿನ ಒಂದು ಜಾಗಕ್ಕೆ 5 ನಿಮಿಷ ಸಾಕು. ಆಮೇಲೆ 10 ನಿಮಿಷದವರೆಗೆ, ದಿನ ಬಿಟ್ಟು ದಿನ. ಚರ್ಮ ತಿಳಿಗೆಂಪಾದರೆ ಮುಗಿಯಿತು, ಆ ಕೆಂಪು ಕೆಲವು ಗಂಟೆಗಳಲ್ಲಿ ಹೋಗಬೇಕು. ಮಾರನೆಯ ದಿನವೂ ಉಳಿದಿದ್ದರೆ ನೀವು ಕೊಟ್ಟದ್ದು ಹೆಚ್ಚಾಯಿತು.

ಬತ್ತಿ ಆರಿತೆಂದು ಕಸದ ಬುಟ್ಟಿಗೆ ಹಾಕಿದ್ದೆ, ಅರ್ಧ ಗಂಟೆ ಬಿಟ್ಟು ಬುಟ್ಟಿಯಿಂದ ಹೊಗೆ ಬಂತು. ಆರಿಸುವುದು ಹೇಗೆ?
— ಓದುಗರು, ದಾವಣಗೆರೆ

ಒತ್ತಾಗಿ ಸುತ್ತಿದ ಬತ್ತಿಯಲ್ಲಿ ಕೆಂಡ ಒಳಗೊಳಗೇ ತೆವಳುತ್ತಿರುತ್ತದೆ, ಹೊರಗೆ ಬೂದಿ ಮುಚ್ಚಿ ಕಪ್ಪಾಗಿ ಕಾಣುತ್ತದೆ. ಸಿಗರೇಟಿನಂತೆ ನೆಲಕ್ಕೆ ಒತ್ತಿದರೆ ಆರುವುದಿಲ್ಲ, ಮುರಿದು ಕಿಡಿ ಚೆಲ್ಲುತ್ತದೆ. ಒಣ ಮರಳು ಅಥವಾ ಅಕ್ಕಿಯ ಡಬ್ಬಿಯಲ್ಲಿ ತುದಿ ಕೆಳಗಾಗಿ 4–5 ಸೆಂಟಿಮೀಟರ್ ಹೂತು ಬಿಡಿ. ಗಾಳಿ ಸಿಗದೆ ಆರುತ್ತದೆ. 15 ನಿಮಿಷ ಬಿಟ್ಟು ತೆಗೆದು, ತುದಿಯ ಹತ್ತಿರ ಅಂಗೈ ಹಿಡಿದು ನೋಡಿ. ಬೆಚ್ಚಗನಿಸಿದರೆ ಮತ್ತೆ ಹೂಳಿ. ಡಬ್ಬಿ ಪ್ಲಾಸ್ಟಿಕ್ ಆಗಿರಬಾರದು. ನೀರಿಗೆ ಅದ್ದಿದರೆ ಖಂಡಿತ ಆರುತ್ತದೆ, ಆದರೆ ಆ ಬತ್ತಿ ಮತ್ತೆ ಬಳಕೆಗೆ ಬರದು. ಕೊನೆಯ ಮೋಟುಬತ್ತಿಗೆ ಮಾತ್ರ ನೀರೇ ಸರಿ. ಬಟ್ಟಲಿನ ಬೂದಿಗೂ ನೀರು ಹಾಕಿಯೇ ಚೆಲ್ಲಿ. ಮಲಗುವ ಹೊತ್ತಿಗೆ ಬತ್ತಿ ಹಚ್ಚುವ ಅಭ್ಯಾಸ ಬೇಡ. ನಿದ್ದೆಗಣ್ಣಿನಲ್ಲಿ ಆರಿಸಿದ್ದನ್ನು ಯಾರೂ ಮತ್ತೆ ಎದ್ದು ನೋಡುವುದಿಲ್ಲ.

ಅತ್ತೆಯವರಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಪಾದ ಸದಾ ತಣ್ಣಗೆ, ಜೋಮು. ಕಾವು ಕೊಟ್ಟರೆ ರಕ್ತ ಓಡಾಡುತ್ತದೆ ಎನ್ನುತ್ತಾರೆ, ಕೊಡಬಹುದೆ?
— ಓದುಗರು, ಹುಬ್ಬಳ್ಳಿ

ಬೇಡ. ಬತ್ತಿಯೂ ಬೇಡ, ಬಿಸಿನೀರಿನ ಚೀಲವೂ ಬೇಡ.

ಚರ್ಮ ಸುಡಲು ಬೆಂಕಿಯೇ ತಗಲಬೇಕಿಲ್ಲ. 1947ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗಗಳ ಪ್ರಕಾರ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 5 ಸೆಕೆಂಡಿಗೆ ಚರ್ಮ ಸುಡುತ್ತದೆ. 44 ಡಿಗ್ರಿ ಎಂದರೆ ಸ್ನಾನದ ನೀರು ತುಸು ಹೆಚ್ಚು ಬಿಸಿಯಾದಷ್ಟೇ, ಅದೂ 6 ಗಂಟೆ ತಗಲಿದ್ದರೆ ಸುಡುತ್ತದೆ. ನೋವು ಗೊತ್ತಾಗುವವರು ಅಷ್ಟರಲ್ಲಿ ಕಾಲೆಳೆದುಕೊಳ್ಳುತ್ತಾರೆ. ಜೋಮು ಹಿಡಿದ ಪಾದ ಎಳೆದುಕೊಳ್ಳುವುದಿಲ್ಲ. ಮೇಲೆ ಸಣ್ಣ ಬೊಬ್ಬೆ ಕಂಡರೂ ಒಳಗೆ ಆಳವಾಗಿ ಬೆಂದಿರಬಹುದು, ಮಧುಮೇಹಿಗಳಲ್ಲಿ ಅದು ಮಾಯದ ಹುಣ್ಣಾಗುತ್ತದೆ. ತಣ್ಣನೆಯ ಪಾದಕ್ಕೆ ರಕ್ತನಾಳ ಕಿರಿದಾಗಿರುವುದೂ ಕಾರಣ ಇರಬಹುದು. ಪಾದದ ನಾಡಿ, ಸ್ಪರ್ಶ ಎರಡನ್ನೂ ವೈದ್ಯರಿಂದ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಸಡಿಲವಾದ ಹತ್ತಿಯ ಕಾಲುಚೀಲ ಸಾಕು.

ಪಾರ್ಶ್ವವಾಯು ಆದ ಪಕ್ಕ, ಬೆನ್ನುಹುರಿಯ ತೊಂದರೆಯಿಂದ ಮರಗಟ್ಟಿದ ಕಾಲು, ಕುಷ್ಠದಿಂದ ಸ್ಪರ್ಶ ಹೋದ ಜಾಗಕ್ಕೂ ಇದೇ ಉತ್ತರ. ಕುಡಿದವರಿಗೆ, ನಿದ್ದೆ ಮಾತ್ರೆ ತಗೊಂಡವರಿಗೆ, ತಮಗೆ ಬಿಸಿಯಾಯಿತೆಂದು ಹೇಳಲು ಬಾರದ ಮಕ್ಕಳಿಗೆ ಕೂಡ ಕೊಡಬಾರದು.

ಅಪಾರ್ಟ್‌ಮೆಂಟಿನಲ್ಲಿ ಹೊಗೆ ತುಂಬುತ್ತದೆ, ಪಕ್ಕದವರು ಗಾಂಜಾ ವಾಸನೆ ಎಂದು ಜಗಳ ತೆಗೆದರು! ಹೊಗೆ ಬಾರದ ಬತ್ತಿ ಒಳ್ಳೆಯದೆ?
— ಓದುಗರು, ಬೆಂಗಳೂರು

ಪಕ್ಕದವರನ್ನು ತಪ್ಪೆನ್ನಲಾಗದು, ವಾಸನೆ ಕೊಂಚ ಹಾಗೆಯೇ ಇರುತ್ತದೆ. ಹೊಗೆಯಲ್ಲಿ ಸೂಕ್ಷ್ಮ ಕಣ, ಕಾರ್ಬನ್ ಮಾನಾಕ್ಸೈಡ್ ಎರಡೂ ಇವೆ. ಮೂಲಿಕೆಯ ಹೊಗೆ ಎಂದ ಮಾತ್ರಕ್ಕೆ ಶ್ವಾಸಕೋಶ ರಿಯಾಯಿತಿ ಕೊಡುವುದಿಲ್ಲ. ಮನೆಯಲ್ಲಿ ಉಬ್ಬಸದವರು, ಕೂಸು ಇದ್ದರೆ ಬಿಟ್ಟುಬಿಡಿ. ಹೊಗೆರಹಿತ ಬತ್ತಿ ಎಂದರೆ ಎಲೆಯನ್ನು ಇದ್ದಿಲು ಮಾಡಿ ಅಚ್ಚೊತ್ತಿದ್ದು. ವಾಸನೆ ಕಡಿಮೆ, ಆದರೆ ಮೂರು ವಿಷಯ ಗಮನಿಸಿ: ಹತ್ತಲು ಹಲವು ನಿಮಿಷ ಬೇಕು, ಕಾವು ಹೆಚ್ಚು ತೀಕ್ಷ್ಣವಾದ್ದರಿಂದ ಇನ್ನೂ ದೂರ ಹಿಡಿಯಬೇಕು, ಕಾರ್ಬನ್ ಮಾನಾಕ್ಸೈಡ್ ಇದರಿಂದಲೂ ಬರುತ್ತದೆ. ಎ.ಸಿ. ಹಾಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೇಡ. ಅಡುಗೆಮನೆಯ ಚಿಮಣಿ ಇದ್ದರೆ ಅದರ ಹತ್ತಿರ ಕುಳಿತು ಮಾಡಿ, ಆದರೆ ಗ್ಯಾಸ್ ಒಲೆ ಹಚ್ಚಿರಬಾರದು.

ಹೊಟ್ಟೆಯ ಮೇಲೆ ಶುಂಠಿ ಬಿಲ್ಲೆ ಇಟ್ಟು ಅದರ ಮೇಲೆ ಮಾಕ್ಸಾ ಗೋಪುರ ಉರಿಸುವ ವಿಡಿಯೊ ನೋಡಿದೆ. ಹೊಕ್ಕುಳಿಗೆ ಉಪ್ಪು ತುಂಬಿಯೂ ಮಾಡುತ್ತಾರಂತೆ.
— ಓದುಗರು, ಕುಂದಾಪುರ

ಎರಡೂ ಹಳೆಯ ಪದ್ಧತಿಗಳೇ. ಶುಂಠಿಯನ್ನು 3 ಮಿಲಿಮೀಟರ್ ದಪ್ಪ ಕತ್ತರಿಸಿ, ಸೂಜಿಯಿಂದ ಹತ್ತಾರು ತೂತು ಮಾಡಿ, ಒಂದು ಸೆಂಟಿಮೀಟರ್ ಎತ್ತರದ ಗೋಪುರವನ್ನು ಬಿಗಿಯಾಗಿ ಹಿಸುಕಿ ಕೂರಿಸುತ್ತಾರೆ. ಕೆಡುವುದು ಎಲ್ಲಿ ಎಂದರೆ, ಬಿಲ್ಲೆಯ ಮೂಲಕ ಕಾವು ತಡವಾಗಿ ಇಳಿಯುತ್ತದೆ. ಗೋಪುರ ಮುಕ್ಕಾಲು ಉರಿಯುವವರೆಗೆ ಏನೂ ಅನಿಸದೆ, ಆಮೇಲೆ ಒಮ್ಮೆಲೇ ಏರುತ್ತದೆ. ಅಷ್ಟರಲ್ಲಿ ಮಲಗಿದವರು ಗಾಬರಿಯಿಂದ ಎದ್ದರೆ, ಕೆಮ್ಮಿದರೆ, ಕೆಂಡ ಹೊಟ್ಟೆಯಿಂದ ಹಾಸಿಗೆಗೆ ಉರುಳುತ್ತದೆ. ಸಡಿಲವಾಗಿ ಹಿಸುಕಿದ ಗೋಪುರ ನಡುವೆಯೇ ಕುಸಿಯುತ್ತದೆ. ಕಲ್ಲುಪ್ಪು ಕಾದಾಗ ಚಟಚಟ ಸಿಡಿಯುತ್ತದೆ, ಹೊಕ್ಕುಳಿನ ಚರ್ಮ ತೆಳು. ಪಕ್ಕದಲ್ಲಿ ಚಿಮಟ ಹಿಡಿದ ಪಳಗಿದ ಕೈ ಬೇಕು. ಮನೆಗೆ ಬತ್ತಿಯನ್ನು ದೂರ ಹಿಡಿಯುವ ವಿಧಾನ ಒಂದೇ ಸಾಕು.

ಮಗ ಜಪಾನಿನಿಂದ ಅಂಟಿಸುವ ಪುಟ್ಟ ಮಾಕ್ಸಾ ಕಳಿಸಿದ್ದಾನೆ. ತೆಗೆದಮೇಲೆ ಹಳದಿ ಕಲೆ ಉಳಿಯುತ್ತದೆ.
— ಓದುಗರು, ಧಾರವಾಡ

ಹಳದಿ ಹೊಗೆಯ ಎಣ್ಣೆಯದು, ಸೋಪಿನಿಂದ ಹೋಗುತ್ತದೆ. ಬೆವರಿದ, ಒದ್ದೆ ಚರ್ಮಕ್ಕೆ ಅಂಟಿಸಬೇಡಿ, ಸ್ನಾನಕ್ಕೆ ಸ್ವಲ್ಪ ಮುಂಚೆ ಅಥವಾ ಆದ ಕೂಡಲೆ ಬೇಡ. ಪೊಟ್ಟಣಗಳಲ್ಲಿ ಮೃದು, ಮಧ್ಯಮ, ತೀಕ್ಷ್ಣ ಎಂಬ ದರ್ಜೆಗಳಿರುತ್ತವೆ, ಮೃದುವಿನಿಂದ ಶುರುಮಾಡಿ. ಉರಿ ಅನಿಸಿದರೆ ಪೂರ್ತಿ ಆರಲೆಂದು ಕಾಯದೆ ಬುಡದ ಕಾಗದ ಹಿಡಿದು ಕೀಳಿ. ಮುಖಕ್ಕೆ ಎಂದೂ ಹಾಕಬಾರದು.

ನಮ್ಮಲ್ಲಿ ಮಕ್ಕಳಿಗೆ ಚುಟಿಗೆ ಹಾಕುತ್ತಿದ್ದರಲ್ಲ, ಇದೂ ಅದೇ ಅಲ್ಲವೆ? ಬೊಬ್ಬೆ ಬಂದರೇನೇ ಗುಣವಂತೆ.
— ಓದುಗರು, ಮಂಡ್ಯ

ಚರ್ಮದ ಮೇಲೇ ಉರಿಸಿ ಬೇಕೆಂದೇ ಗಾಯ ಮಾಡುವ ಮಾಕ್ಸಾ ಪದ್ಧತಿಯೂ ಹಿಂದಿನಿಂದ ಇದೆ, ಆ ಮಟ್ಟಿಗೆ ಹೋಲಿಕೆ ಸರಿ. ಸುಶ್ರುತ ಸಂಹಿತೆಯ ಅಗ್ನಿಕರ್ಮ, ಬೈಲುಕುಪ್ಪೆಯ ಟಿಬೆಟನ್ನರ ಸೋವಾ ರಿಗ್ಪ ವೈದ್ಯದ ಮಾಕ್ಸಾ, ಎಲ್ಲವೂ ಬೆಂಕಿಯ ಚಿಕಿತ್ಸೆಗಳೇ. ಕಾಮಾಲೆ, ಹೊಟ್ಟೆನೋವೆಂದು ಎಳೆಗೂಸಿಗೆ ಚುಟಿಗೆ ಹಾಕುವುದು ಮಾತ್ರ ಶುದ್ಧ ಹಿಂಸೆ, ಅದರಿಂದ ಗಾಯ ಕೀವಾಗಿ ಮಗುವಿನ ಜೀವಕ್ಕೇ ಅಪಾಯವಾಗಬಹುದು. ಮನೆಯಲ್ಲಿ ಬೊಬ್ಬೆ ಬಂದರೆ ಅದು ಸುಟ್ಟ ಗಾಯ, ಅಷ್ಟೆ. ತಕ್ಷಣ ನಲ್ಲಿ ನೀರು ಸಣ್ಣಗೆ ಬಿಟ್ಟು 20 ನಿಮಿಷ ಹಿಡಿಯಿರಿ. ಐದು ನಿಮಿಷಕ್ಕೆ ಉರಿ ನಿಂತರೂ ಮುಂದುವರಿಸಿ, ಒಳಗಿನ ಬಿಸಿ ಇಳಿಯಬೇಕು. ಐಸ್, ಟೂತ್‌ಪೇಸ್ಟ್, ಅರಿಶಿನ, ಶಾಯಿ ಬೇಡ. ಬೊಬ್ಬೆ ಒಡೆಯದೆ, ಅಂಟದ ಶುಭ್ರ ಬಟ್ಟೆ ಮುಚ್ಚಿ. ಅಂಗೈಯಗಲಕ್ಕಿಂತ ದೊಡ್ಡದಿದ್ದರೆ, ಬಿಳಿಚಿಕೊಂಡು ನೋವೇ ಇಲ್ಲದಿದ್ದರೆ, ಕೀವಾದರೆ ಆಸ್ಪತ್ರೆಗೆ ಹೋಗಿ.

ನಾನು 33 ವಾರದ ಗರ್ಭಿಣಿ, ಮಗು ಕಾಲು ಕೆಳಗಾಗಿದೆ. ಕಿರುಬೆರಳಿಗೆ ಮಾಕ್ಸಾ ಕೊಟ್ಟರೆ ತಿರುಗುತ್ತದೆಯೆ?
— ಓದುಗರು, ಸಿಂಗಪುರ

ಕಾಲಿನ ಕಿರುಬೆರಳ ಉಗುರಿನ ಹೊರಮೂಲೆಯ ಝಿಯಿನ್ ಬಿಂದು ಅದು. ಚೀನಾದ ಜಿಯಾಂಗ್‌ಶಿಯಲ್ಲಿ 260 ಚೊಚ್ಚಲ ಗರ್ಭಿಣಿಯರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಕ್ಸಾ ಪಡೆದ 130 ಮಂದಿಯಲ್ಲಿ 98 ಮಂದಿಯ ಮಗು 35ನೇ ವಾರಕ್ಕೆ ತಲೆ ಕೆಳಗಾಗಿತ್ತು. ಪಡೆಯದ 130 ಮಂದಿಯಲ್ಲಿ 62. ಅದೇ ಸಂಶೋಧಕರು ಆಮೇಲೆ ಇಟಲಿಯಲ್ಲಿ ಮಾಡಿದ್ದರಲ್ಲಿ ವ್ಯತ್ಯಾಸ ಕಾಣಲಿಲ್ಲ, ಹಲವರು ನಡುವೆಯೇ ಬಿಟ್ಟದ್ದರಿಂದ ಅದು ಅರ್ಧಕ್ಕೇ ನಿಂತಿತು. ಏನೂ ಮಾಡದಿದ್ದರೂ ಅರ್ಧದಷ್ಟು ಮಕ್ಕಳು ತಾವೇ ತಿರುಗಿದ್ದನ್ನು ಮರೆಯಬೇಡಿ. ನಿಮ್ಮ ಪ್ರಸೂತಿ ವೈದ್ಯರು ಸ್ಕ್ಯಾನ್ ನೋಡಿ, ಕೆಳಗೆ ಕೂತ ಮಾಸು, ಅವಳಿ, ರಕ್ತಸ್ರಾವ, ಹಿಂದಿನ ಸಿಸೇರಿಯನ್ ಯಾವುದೂ ಇಲ್ಲವೆಂದು ಒಪ್ಪಿದರೆ ಮಾತ್ರ ಮುಂದುವರಿಯಿರಿ. ಹೊಟ್ಟೆಯ ಮೇಲಿಂದ ಕೈಯಲ್ಲಿ ತಿರುಗಿಸುವ ವಿಧಾನದ ಬಗ್ಗೆಯೂ ಅವರನ್ನೇ ಕೇಳಿ. ಬತ್ತಿಯನ್ನು ನೀವೇ ಬಗ್ಗಿ ಹಿಡಿಯಲಾಗದು, ಮನೆಯವರು ಹಿಡಿಯಲಿ. ಹೊಟ್ಟೆಗೆ, ಸೊಂಟಕ್ಕೆ ಕೊಡಲೇಬಾರದು. ಹೊಟ್ಟೆ ಬಿಗಿದರೆ, ನೀರು ಹೋದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಬತ್ತಿ ಬಿಟ್ಟು ಆಸ್ಪತ್ರೆಗೆ ಹೊರಡಿ.

ಹಿತ್ತಲಲ್ಲಿ ಮಾಚಿಪತ್ರೆ ಬೆಳೆದಿದೆ. ಮನೆಯಲ್ಲೇ ಬತ್ತಿ ಮಾಡಬಹುದೆ?
— ಓದುಗರು, ಮೈಸೂರು

ಗಣಪತಿಗೆ ಏರಿಸುವ ಮಾಚಿಪತ್ರೆ, ಘಮಘಮ ದವನ, ಚೀನಾದ ಮಾಕ್ಸಾ ಗಿಡ ಎಲ್ಲ ಒಂದೇ ಕುಲದವು. ಮಾಕ್ಸಾಕ್ಕೆ ಬೇಕಾದದ್ದು ಎಲೆಯ ಅಡಿಯ ಬಿಳಿ ನವಿರು. ಎಲೆ ಚೆನ್ನಾಗಿ ಒಣಗಿಸಿ, ಕುಟ್ಟಿ, ಮತ್ತೆ ಮತ್ತೆ ಜರಡಿ ಹಿಡಿದು ಪುಡಿ, ದೇಟು ತೆಗೆದಮೇಲೆ ಉಳಿಯುವ ಅರಳೆ ಅದು. ಮನೆಯಲ್ಲಿ ದೇಟಿನ ಚೂರು ಉಳಿದೇ ಉಳಿಯುತ್ತದೆ, ಅದು ಸಿಡಿದು ಕಿಡಿ ಹಾರುತ್ತದೆ. ಕೊಂಡ ಬತ್ತಿಯೇ ವಾಸಿ. ಇನ್ನೊಂದು ಮಾತು: ಕಾಂಗ್ರೆಸ್ ಹುಲ್ಲು ಇದೇ ಕುಟುಂಬದ್ದು. ಆ ಹುಲ್ಲು ತಗಲಿ ಕೈ, ಕುತ್ತಿಗೆ ತುರಿಸಿ ಕಪ್ಪಾಗುವವರಿಗೆ, ಸೇವಂತಿಗೆ ಮುಟ್ಟಿದರೆ ಕೆರೆತ ಬರುವವರಿಗೆ ಇದೂ ಒಗ್ಗದಿರಬಹುದು.

ಮಳೆಗಾಲದಲ್ಲಿ ಬತ್ತಿ ಹತ್ತುತ್ತಿಲ್ಲ, ಹತ್ತಿದರೂ ನಡುವೆ ಆರುತ್ತದೆ.
— ಓದುಗರು, ಮಂಗಳೂರು

ತೇವ ಹೀರಿದೆ. ಬಿಸಿಲು ಬಂದ ದಿನ ಎರಡು ಮೂರು ಗಂಟೆ ಒಣಗಿಸಿ, ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಇಡಿ. ಒಲೆಯ ಮೇಲೆ, ಮೈಕ್ರೊವೇವ್‌ನಲ್ಲಿ ಒಣಗಿಸಲು ಹೋಗಬೇಡಿ. ಬೂಷ್ಟು ವಾಸನೆ ಬಂದರೆ, ಕಾಗದದ ಮೇಲೆ ಹಸಿರು ಚುಕ್ಕೆ ಕಂಡರೆ ಎಸೆಯಿರಿ.