ಪೆನ್ಸಿಲ್ ಬಿಟ್ರೆ ನೋಟ್ಸ್ ಓದೋಕೇ ಬರಲ್ಲ, ಏನ್ ಮಾಡ್ಲಿ?

ಪ್ರಶ್ನೆ: ಪಿಯಾನೋ ಕಲಿಯೋಕೆ ಶುರು ಮಾಡಿ 5 ತಿಂಗಳಾಯ್ತು. ಕಿವೀಲಿ ಕೇಳಿದ್ದನ್ನ ಹೇಗೋ ನುಡಿಸ್ತೀನಿ, ಶೀಟ್ ಮ್ಯೂಸಿಕ್ (ನೋಟ್ಸ್ ಅಚ್ಚಾಗಿರೋ ಹಾಳೆ) ಮುಂದಿಟ್ರೆ ಮಾತ್ರ ಕೈ ಓಡಲ್ಲ. ಪ್ರತಿ ನೋಟ್ ಕೆಳಗೂ ಪೆನ್ಸಿಲಲ್ಲಿ ಸಿ, ಡಿ, ಇ ಅಂತ ಬರ್ಕೋತೀನಿ. ಎಡಗೈ ಸಾಲಂತೂ ಪೂರ್ತಿ ಗೊಂದಲ. ನಂಗೀಗ 41, ಇನ್ನು ತಲೆಗೆ ಹತ್ತುತ್ತಾ?

ಉತ್ತರ: ಹತ್ತುತ್ತೆ ಬಿಡಿ. ತಪ್ಪು ವಯಸ್ಸಿಂದಲ್ಲ, ಪೆನ್ಸಿಲಿಂದು. ಹೆಸರು ಬರೆದಿಟ್ಟ ಮೇಲೆ ಕಣ್ಣು ಆ ಅಕ್ಷರನೇ ಓದುತ್ತೆ, ಮೇಲಿರೋ ನೋಟ್ ಕಡೆ ತಿರುಗಿಯೂ ನೋಡಲ್ಲ, ಅಂದ್ರೆ ಇಷ್ಟು ದಿನ ನೀವು ಓದಿದ್ದು ನಿಮ್ಮ ಕೈಬರಹನ. (ನಾನೂ ವರ್ಷಗಟ್ಟಲೆ ಇದೇ ಮಾಡಿದೋನು.)

ಸದ್ಯಕ್ಕೆ ಮೂರು ನೋಟ್ ಗುರುತಿದ್ರೆ ಸಾಕು. ಬಲಗೈಯ ಐದು ಗೆರೆ ಸಾಲಿನ ಶುರುವಲ್ಲಿರೋ ಚಿಹ್ನೆ ಟ್ರೆಬಲ್ ಕ್ಲೆಫ್, ಅದರ ಸುರುಳಿ ಸುತ್ಕೊಂಡಿರೋ ಗೆರೆ, ಕೆಳಗಿಂದ ಎರಡನೇದು, ಅದು ಜಿ. ಎಡಗೈ ಸಾಲಿನ ಚಿಹ್ನೆ ಬೇಸ್ ಕ್ಲೆಫ್, ಅದರ ಎರಡು ಚುಕ್ಕಿ ನಡುವೆ ಹಾದುಹೋಗೋ ಗೆರೆ, ಮೇಲಿಂದ ಎರಡನೇದು, ಅದು ಎಫ್. ಎರಡೂ ಸಾಲಿನ ಮಧ್ಯೆ ತುಂಡು ಗೆರೆ ಮೇಲೆ ಒಂಟಿಯಾಗಿ ಕೂತಿರೋದು ಮಿಡಲ್ ಸಿ, ಅಂದ್ರೆ ಕೀಬೋರ್ಡ್‌ನ ನಡುಭಾಗದ ಸಿ. ಎರಡೂ ಹೆಬ್ಬೆರಳು ಮಿಡಲ್ ಸಿ ಮೇಲಿಟ್ಟು ಉಳಿದ ಬೆರಳನ್ನ ಬಿಳಿ ಕೀಗಳ ಮೇಲೆ ಒಂದೊಂದಾಗಿ ಇಳಿಸಿ ನೋಡಿ, ಬಲಗೈ ಕಿರುಬೆರಳು ಸರಿಯಾಗಿ ಆ ಜಿ ಮೇಲೆ ಬೀಳುತ್ತೆ, ಎಡಗೈದು ಆ ಎಫ್ ಮೇಲೆ.

ಆಮೇಲೆ ಹೆಸರು ಹುಡುಕ್ಬೇಡಿ, ದೂರ ನೋಡಿ. ನೋಟ್ ಗೆರೆಯಿಂದ ಪಕ್ಕದ ಸಂದಿಗೆ ಹೋದ್ರೆ ಪಕ್ಕದ ಬಿಳಿ ಕೀ, ಗೆರೆಯಿಂದ ಪಕ್ಕದ ಗೆರೆಗೆ ಹಾರಿದ್ರೆ ನಡುವೆ ಒಂದು ಬಿಳಿ ಕೀ ಬಿಟ್ಟು ಮುಂದಿನದು. ಶಾರ್ಪ್ (ನೋಟ್‌ನ ಅರ್ಧ ಹೆಜ್ಜೆ ಏರಿಸೋ ಗುರುತು), ಫ್ಲ್ಯಾಟ್ (ಅರ್ಧ ಹೆಜ್ಜೆ ಇಳಿಸೋದು) ಇದ್ದಾಗ ಹೆಚ್ಚಾಗಿ ಕರಿ ಕೀ ಬರುತ್ತೆ, ಅದರ ತಲೆಬಿಸಿ ಈಗ ಬೇಡ.

ಎಡಗೈ ಗೊಂದಲ ಎಲ್ರಿಗೂ ಆಗೋದೇ. ನಟ್ಟನಡುವಿನ ಗೆರೆ ಬಲಗೈಗೆ ಬಿ, ಎಡಗೈಗೆ ಡಿ, ನೋಡೋಕೆ ಮಾತ್ರ ಒಂದೇ ಥರ. ಟ್ರೆಬಲ್‌ನಿಂದ ಲೆಕ್ಕ ಹಾಕಿ ಬದಲಾಯಿಸೋಕೆ ಹೋದ್ರೆ ಕೈ ನಿಂತೋಗುತ್ತೆ, ಅದಕ್ಕೇ ಆ ಎಫ್‌ನಿಂದಲೇ ಎಣಿಸಿ.

ಇನ್ನೊಂದು, ನಿಮ್ಮ ಕಿವಿ ಚುರುಕಿದೆಯಲ್ಲ, ಅದೇ ನಿಮಗೆ ಮೋಸ ಮಾಡೋದು, ಮೂರನೇ ಸಲಕ್ಕೆ ಟ್ಯೂನ್ ನೆನಪಲ್ಲಿ ಉಳಿದು ಕಣ್ಣು ರಜಾ ಹಾಕುತ್ತೆ. ಅದಕ್ಕೆ ದಿನಾ 10 ನಿಮಿಷ, ನಿಮ್ಮ ಮಟ್ಟಕ್ಕಿಂತ ಸುಲಭವಾದ, ಹಿಂದೆಂದೂ ಕೇಳಿಲ್ಲದ ನಾಲ್ಕು ಸಾಲು ತಗೊಳ್ಳಿ, ಆಮೆ ಥರ ನಿಧಾನಕ್ಕೆ ನುಡಿಸಿ, ತಪ್ಪಾದ್ರೂ ನಿಲ್ಲಿಸ್ಬೇಡಿ, ನಾಳೆ ಬೇರೆ ತಗೊಳ್ಳಿ.

ಪೆನ್ಸಿಲ್ ಎಸೀಬೇಡಿ ಮತ್ತೆ. ಕೈ ಜಾಗ ಬದಲಾಗೋ ಕಡೆ ಬೆರಳಿನ ನಂಬರ್ (ಹೆಬ್ಬೆರಳು 1, ಕಿರುಬೆರಳು 5) ಬರ್ಕೊಳ್ಳೋಕೆ ಬೇಕು, ಅಲ್ಲಿ ಮಾತ್ರ, ಎಲ್ಲಾ ಕಡೆ ಬರೆದ್ರೆ ಅದನ್ನೇ ಓದೋಕೆ ಶುರು ಮಾಡ್ತೀರ.