ಓದುಗರ ಪ್ರಶ್ನೆ: ಎಚ್‌ಟಿಎಂಎಲ್‌ನಲ್ಲಿ ಕನ್ನಡದ ಪುಟ ಬರೆಯುವುದು ಹೇಗೆ?

ಪ್ರಶ್ನೆ: ನಾನು ಪ್ರೌಢಶಾಲೆಯೊಂದರ ಕನ್ನಡ ಅಧ್ಯಾಪಕಿ. ಮಕ್ಕಳಿಗಾಗಿ ವಚನಗಳ ಪುಟವೊಂದನ್ನು ನಾನೇ ಜಾಲಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಸಿದ್ಧಪಡಿಸಬೇಕೆಂಬ ಆಸೆಯಿದೆ. ಪ್ರೋಗ್ರಾಮಿಂಗ್ ಬಾರದವರು ಇದನ್ನು ಕಲಿಯಬಹುದೇ? ಎಲ್ಲಿಂದ ಆರಂಭಿಸಬೇಕು?
– ಓರ್ವ ಓದುಗರು, ಹಾವೇರಿ ಜಿಲ್ಲೆ

ಉತ್ತರ: ಖಂಡಿತವಾಗಿ ಕಲಿಯಬಹುದು. ವ್ಯಾಕರಣ ಪಾಠ ಮಾಡುವ ನಿಮಗೆ ಇದು ಇತರರಿಗಿಂತ ಬೇಗ ಒಗ್ಗುತ್ತದೆ ಎಂದೇ ನನ್ನ ನಂಬಿಕೆ. ವಾಕ್ಯವನ್ನು ಬಿಡಿಸುವಾಗ ಇದು ಕರ್ತೃ, ಇದು ಕರ್ಮ, ಇದು ಕ್ರಿಯಾಪದ ಎಂದು ಗುರುತಿಸುತ್ತೀರಲ್ಲವೇ? ಹಾಗೆಯೇ ಇಲ್ಲಿ ಬರಹದ ಯಾವ ಭಾಗ ಶೀರ್ಷಿಕೆ, ಯಾವುದು ಪ್ಯಾರಾ, ಯಾವುದು ಪಟ್ಟಿ, ಯಾವುದು ಬೇರೊಂದು ಪುಟಕ್ಕೆ ಕರೆದೊಯ್ಯುವ ಕೊಂಡಿ ಎಂಬುದನ್ನು ಬ್ರೌಸರಿಗೆ ಗುರುತು ಹಾಕಿ ತಿಳಿಸುವುದಷ್ಟೇ ಕೆಲಸ. ಆ ಗುರುತಿಗೇ ಟ್ಯಾಗ್ ಎಂದು ಹೆಸರು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಟಿಮ್ ಬರ್ನರ್ಸ್-ಲೀ ಅವರು 1991ರಲ್ಲಿ ಮೊದಲ ಬಾರಿಗೆ ಎಚ್‌ಟಿಎಂಎಲ್‌ನ ವಿವರಣೆಯನ್ನು ಹಂಚಿಕೊಂಡಾಗ ಅದರಲ್ಲಿದ್ದ ಟ್ಯಾಗುಗಳು ಇಪ್ಪತ್ತಕ್ಕಿಂತ ಕಡಿಮೆ. ಇಂದು ಅವು ನೂರನ್ನು ಮೀರಿವೆಯಾದರೂ, ನಿಮ್ಮ ಪುಟಕ್ಕೆ ಹತ್ತು-ಹನ್ನೆರಡು ಸಾಕು.

ನೋಟ್‌ಪ್ಯಾಡ್ ತೆರೆದು ಆರಂಭಿಸಿ. ಗಣಿತದ ‘ಕಡಿಮೆ’ ಚಿಹ್ನೆ, ಟ್ಯಾಗಿನ ಹೆಸರು, ‘ಹೆಚ್ಚು’ ಚಿಹ್ನೆ – ಇಷ್ಟಾದರೆ ಟ್ಯಾಗ್ ತೆರೆಯಿತು. ಅದನ್ನು ಮುಚ್ಚುವಾಗ ಹೆಸರಿನ ಮುಂಚೆ ಒಂದು ಓರೆಗೆರೆ ಸೇರುತ್ತದೆ. ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು. ನಡುವಿನ ಬರಹ ಕನ್ನಡದಲ್ಲಿರಬಹುದು. ಇಡೀ ಪುಟ ‘ಎಚ್‌ಟಿಎಂಎಲ್’ ಟ್ಯಾಗಿನೊಳಗೆ ಇರುತ್ತದೆ. ಅದರೊಳಗಿನ ‘ಹೆಡ್’ ಭಾಗದಲ್ಲಿ ಪುಟದ ಕುರಿತಾದ ಮಾಹಿತಿಯೂ ‘ಬಾಡಿ’ ಭಾಗದಲ್ಲಿ ಓದುಗರ ಕಣ್ಣಿಗೆ ಬೀಳುವ ಬರಹವೂ ಇರುತ್ತವೆ. ಡಬ್ಬಿಯೊಳಗೆ ಡಬ್ಬಿ ಇಟ್ಟಂತೆ, ಕೊನೆಗೆ ತೆರೆದದ್ದನ್ನು ಮೊದಲು ಮುಚ್ಚಬೇಕು. ಮರೆತರೂ ಬ್ರೌಸರ್ ತಪ್ಪು ತೋರಿಸದೆ ತನಗೆ ತೋಚಿದಂತೆ ಸರಿಪಡಿಸಿಕೊಳ್ಳುತ್ತದೆ. ಕಲಿಯುವವರಿಗೆ ಇದರಿಂದ ನಷ್ಟವೇ ಹೆಚ್ಚು, ಏಕೆಂದರೆ ತಪ್ಪು ಅಲ್ಲಿಯೇ ಉಳಿದಿರುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ‘ಎಚ್1’ರಿಂದ ‘ಎಚ್6’ರವರೆಗಿನ ಶೀರ್ಷಿಕೆ ಟ್ಯಾಗುಗಳನ್ನು ಅಕ್ಷರ ದೊಡ್ಡದಾಗಿ ಕಾಣಲೆಂದು ಬಳಸುವ ಅಭ್ಯಾಸ ಬಹಳ ಕಡೆ ಇದೆ. ಅದು ಸರಿಯಲ್ಲ. ಗಾತ್ರ, ಬಣ್ಣಗಳ ಕೆಲಸ ಪುಟದ ಅಂದಚೆಂದ ನೋಡಿಕೊಳ್ಳುವ ಸಿಎಸ್‌ಎಸ್ ಎಂಬ ಇನ್ನೊಂದು ಭಾಷೆಗೆ ಸೇರಿದ್ದು. ಅದನ್ನು ಆಮೇಲೆ ಕಲಿತರಾಯಿತು. ದೃಷ್ಟಿಯಿಲ್ಲದ ವಿದ್ಯಾರ್ಥಿಯು ಸ್ಕ್ರೀನ್ ರೀಡರ್ ತಂತ್ರಾಂಶದ ನೆರವಿನಿಂದ ಪುಟವನ್ನು ಕೇಳಿಸಿಕೊಳ್ಳುವಾಗ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಾರುತ್ತಾ ತನಗೆ ಬೇಕಾದ ವಚನವನ್ನು ಹುಡುಕಿಕೊಳ್ಳುತ್ತಾನೆ. ಶೀರ್ಷಿಕೆಯಲ್ಲದ್ದಕ್ಕೆ ಆ ಗುರುತು ಹಾಕಿದರೆ ಅವನು ದಾರಿ ತಪ್ಪುತ್ತಾನೆ. ವಚನಕಾರರ ಹೆಸರಿಗೆ ‘ಎಚ್2’, ಪ್ರತಿ ವಚನಕ್ಕೆ ‘ಪಿ’ ಎಂಬ ಪ್ಯಾರಾ ಟ್ಯಾಗ್ – ನಿಮ್ಮ ಪುಟಕ್ಕೆ ಈ ಕ್ರಮ ಹೊಂದುತ್ತದೆ.

ಪ್ರಶ್ನೆ: ಪದ್ಯದ ಸಾಲುಗಳನ್ನು ಒಂದರ ಕೆಳಗೊಂದು ಟೈಪ್ ಮಾಡಿದರೂ ಬ್ರೌಸರಿನಲ್ಲಿ ಎಲ್ಲವೂ ಸೇರಿ ಗದ್ಯದಂತೆ ಕಾಣುತ್ತದೆ. ಏಕೆ?
– ಓರ್ವ ಓದುಗರು, ಧಾರವಾಡ

ಉತ್ತರ: ನೀವು ಎಂಟರ್ ಒತ್ತಿ ಮುರಿದ ಸಾಲನ್ನೂ, ಒಂದರ ಪಕ್ಕ ಒಂದು ಬಿಟ್ಟ ಹಲವು ಖಾಲಿ ಜಾಗಗಳನ್ನೂ ಬ್ರೌಸರ್ ಒಂದೇ ಒಂದು ಖಾಲಿ ಜಾಗವೆಂದು ಪರಿಗಣಿಸುತ್ತದೆ. ಸಾಲು ಎಲ್ಲಿ ಮುರಿಯಬೇಕೆಂಬುದು ಪದ್ಯದ ಅರ್ಥಕ್ಕೆ ಸೇರಿದ ವಿಷಯವಾದ್ದರಿಂದ ಪ್ರತಿ ಸಾಲಿನ ಕೊನೆಗೆ ‘ಬಿಆರ್’ ಟ್ಯಾಗ್ ಹಾಕಿ. ಇದಕ್ಕೆ ಮುಚ್ಚುವ ಟ್ಯಾಗ್ ಇಲ್ಲ. ಆದರೆ ಎರಡು ಪದ್ಯಗಳ ನಡುವೆ ಅಂತರ ಕಾಣಲೆಂದು ನಾಲ್ಕೈದು ‘ಬಿಆರ್’ಗಳನ್ನು ಸಾಲಾಗಿ ಹಾಕುವುದು ಸರಿಯಲ್ಲ, ಪ್ರತಿ ಪದ್ಯಕ್ಕೂ ಪ್ರತ್ಯೇಕ ‘ಪಿ’ ಕೊಟ್ಟರೆ ಅಂತರ ತಾನಾಗಿಯೇ ಬರುತ್ತದೆ.

ಪ್ರಶ್ನೆ: ನನ್ನ ಪುಟದಲ್ಲಿ ಕನ್ನಡದ ಬದಲು ವಿಚಿತ್ರ ಚಿಹ್ನೆಗಳು ಮೂಡುತ್ತವೆ. ಫಾಂಟ್ ಬದಲಿಸಿದರೂ ಪ್ರಯೋಜನವಾಗಲಿಲ್ಲ.
– ಓರ್ವ ಓದುಗರು, ಕಾಸರಗೋಡು

ಉತ್ತರ: ಚಿಹ್ನೆಗಳನ್ನು ಗಮನಿಸಿ ನೋಡಿ, ರೋಗದ ಮೂಲ ಅಲ್ಲಿಯೇ ತಿಳಿಯುತ್ತದೆ. ಇಂಗ್ಲಿಷಿನ ‘ಎ’ ಅಕ್ಷರದ ತಲೆಯ ಮೇಲೊಂದು ಗೀಟು, ಪಕ್ಕದಲ್ಲಿ ಪುಟ್ಟದಾದ 2 ಅಥವಾ 3 – ಇದೇ ಮತ್ತೆ ಮತ್ತೆ ಬರುತ್ತಿದ್ದರೆ ನಿಮ್ಮ ಬರಹ ಸುರಕ್ಷಿತವಾಗಿದೆ, ಬ್ರೌಸರ್ ಅದನ್ನು ತಪ್ಪು ಕ್ರಮದಲ್ಲಿ ಓದುತ್ತಿದೆ ಎಂದರ್ಥ. ಅಕ್ಷರಗಳನ್ನು ಸಂಖ್ಯೆಗಳಾಗಿ ಉಳಿಸುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್‌ಗಳು, ಅಂದರೆ ಕಂಪ್ಯೂಟರಿನ ಸಂಗ್ರಹದ 3 ಪುಟ್ಟ ಘಟಕಗಳು, ಬೇಕು. ನಾವು ಒಂದೇ ಅಕ್ಷರವೆಂದು ಓದುವ ‘ಸ್ತ್ರೀ’ಯಲ್ಲಿ ವ್ಯಂಜನ, ವಿರಾಮ (್ ಚಿಹ್ನೆ), ಸ್ವರಚಿಹ್ನೆಗಳೆಲ್ಲ ಸೇರಿ 6 ಸಂಕೇತಗಳಿವೆ, ಅಂದರೆ 18 ಬೈಟ್‌ಗಳು. ಕ್ರಮ ತಿಳಿಯದ ಬ್ರೌಸರ್ ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಎಣಿಸಿ ತೋರಿಸುತ್ತದೆ. ‘ಹೆಡ್’ ಭಾಗದ ಆರಂಭದಲ್ಲಿಯೇ, ಪುಟದ ಹೆಸರು ಬರೆಯುವ ‘ಟೈಟಲ್’ ಟ್ಯಾಗಿಗಿಂತ ಮೊದಲು, ‘ಮೆಟಾ’ ಟ್ಯಾಗಿನಲ್ಲಿ ‘ಚಾರ್‌ಸೆಟ್’ ಯುಟಿಎಫ್-8 ಎಂದು ಬರೆದರೆ ಇದು ಸರಿಹೋಗುತ್ತದೆ.

ಬರೀ ಪ್ರಶ್ನಾರ್ಥಕ ಚಿಹ್ನೆಗಳೇ ಕಾಣುತ್ತಿದ್ದರೆ ಫೈಲನ್ನು ಕನ್ನಡದ ಅಕ್ಷರಗಳಿಗೆ ಜಾಗವಿಲ್ಲದ ಆನ್ಸಿ ಎಂಬ ಹಳೆಯ ಕ್ರಮದಲ್ಲಿ ಉಳಿಸಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಅಕ್ಷರಗಳು ಆ ಫೈಲಿನಲ್ಲಿ ಉಳಿದಿಲ್ಲ. ಮತ್ತೆ ಟೈಪ್ ಮಾಡಿ, ಯುಟಿಎಫ್-8 ಆಯ್ಕೆಮಾಡಿ ಉಳಿಸಬೇಕು. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಯೂನಿಕೋಡ್ (ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಕೇತ ನಿಗದಿಪಡಿಸುವ ಮಾನದಂಡ) ಅಲ್ಲದ ಹಳೆಯ ಫಾಂಟ್ ಬಳಸಿ ಟೈಪ್ ಮಾಡಿದ ಬರಹವಾದರೆ ಅದನ್ನು ಮೊದಲು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು ನಂತರ ಪುಟಕ್ಕೆ ಸೇರಿಸಿ. ಜೊತೆಗೆ ‘ಎಚ್‌ಟಿಎಂಎಲ್’ ಟ್ಯಾಗಿನಲ್ಲಿ ‘ಲ್ಯಾಂಗ್’ ಎಂಬಲ್ಲಿ ‘ಕೆಎನ್’ ಎಂದು ಬರೆಯಿರಿ. ಪುಟ ಕನ್ನಡದ್ದೆಂದು ತಿಳಿದರೆ ಸ್ಕ್ರೀನ್ ರೀಡರ್ ಕನ್ನಡದ ಧ್ವನಿಯಲ್ಲಿ ಓದಲು ಅನುಕೂಲವಾಗುತ್ತದೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ಕಾಣುವ ಚಿತ್ರ, ಪುಟವನ್ನು ಸರ್ವರಿಗೆ ಏರಿಸಿದ ಮೇಲೆ ಕಾಣುವುದಿಲ್ಲ.
– ಓರ್ವ ಓದುಗರು, ಮೈಸೂರು

ಉತ್ತರ: ಫೈಲಿನ ಹೆಸರಿನಲ್ಲಿರುವ ಇಂಗ್ಲಿಷ್ ದೊಡ್ಡಕ್ಷರ-ಸಣ್ಣಕ್ಷರಗಳನ್ನು ಪರಿಶೀಲಿಸಿ. ವಿಂಡೋಸ್ ಸಾಮಾನ್ಯವಾಗಿ ಅವೆರಡನ್ನೂ ಒಂದೇ ಎಂದು ಭಾವಿಸುತ್ತದೆ. ಬಹುತೇಕ ಸರ್ವರ್‌ಗಳಲ್ಲಿರುವ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹಾಗೆ ಭಾವಿಸುವುದಿಲ್ಲ. ಎಲ್ಲ ಹೆಸರುಗಳನ್ನೂ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಇಟ್ಟುಕೊಳ್ಳಿ. ಚಿತ್ರ ತೋರಿಸುವ ‘ಇಮ್‌ಜಿ’ ಟ್ಯಾಗಿನಲ್ಲಿ ‘ಸಿ’ ಡ್ರೈವಿನಿಂದ ಆರಂಭವಾಗುವ ವಿಳಾಸ ಬರೆದಿದ್ದರೆ ಅದನ್ನು ಅಳಿಸಿ, ಚಿತ್ರವನ್ನು ಪುಟವಿರುವ ಫೋಲ್ಡರಿನಲ್ಲಿಯೇ ಇರಿಸಿ, ಬರಿಯ ಫೈಲಿನ ಹೆಸರನ್ನು ಕೊಡಿ.