ಆ್ಯಂಟಿವೈರಸ್ ಅಪ್‌ಗ್ರೇಡ್ ಆದ ಮೇಲೆ ಲ್ಯಾಪ್‌ಟಾಪ್ ತುಂಬಾ ಸ್ಲೋ ಆಗಿದೆ, ಕಿತ್ತುಹಾಕಲೇ?

ಕಿತ್ತುಹಾಕಬೇಡಿ. ಇವತ್ತಂತೂ ಬೇಡ.

ನೀವು ಬರೆದಿರುವುದು ಇಷ್ಟು. ಆ್ಯಂಟಿವೈರಸ್ ಹೊಸ ಆವೃತ್ತಿಗೆ ಅಪ್‌ಗ್ರೇಡ್ ಆಯಿತು. ಅವತ್ತಿನಿಂದ ಬ್ರೌಸರ್ ತೆರೆದುಕೊಳ್ಳಲು ನಿಮಿಷಗಟ್ಟಲೆ ಬೇಕು, ಫ್ಯಾನ್ ಸದ್ದು ನಿಲ್ಲುವುದೇ ಇಲ್ಲ, ಟಾಸ್ಕ್ ಮ್ಯಾನೇಜರ್ ನೋಡಿದರೆ ಡಿಸ್ಕ್ ಶೇ. 100 ತೋರಿಸುತ್ತದೆ. ಲ್ಯಾಪ್‌ಟಾಪ್ ಹಳೆಯದು, 4 ಜಿಬಿ ರ್ಯಾಮ್, ಒಳಗಿರುವುದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ನಲ್ಲಿ ಫೈಲ್ ಇಡುವ ಡಿಸ್ಕ್) ಅಲ್ಲ, ಹಾರ್ಡ್ ಡಿಸ್ಕ್. ಇದಕ್ಕೂ ಹಿಂದೆ ಬೇರೆ ಕಂಪನಿಯ ಆ್ಯಂಟಿವೈರಸ್ ಇತ್ತು, ಅದನ್ನು ತೆಗೆದಿದ್ದೇನೆ ಅಂದಿದ್ದೀರಿ. ಈ ಕೊನೆಯ ಮಾತಿನ ಮೇಲೆ ನನಗೆ ಸ್ವಲ್ಪ ಅನುಮಾನ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ವಿಷಯ ಮಾತ್ರ ನೀವು ಹೇಳಿಲ್ಲ. ಅಪ್‌ಗ್ರೇಡ್ ಆಗಿ ಎಷ್ಟು ದಿನ ಆಯಿತು? ನಿನ್ನೆ ಮೊನ್ನೆ ಆಗಿದ್ದರೆ ಈ ನಿಧಾನಕ್ಕೆ ಸರಿಯಾದ ಕಾರಣವೇ ಇದೆ, ತಾನಾಗಿಯೇ ಕಡಿಮೆಯಾಗುತ್ತದೆ. ವಾರದ ಮೇಲಾಗಿದ್ದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ.

ಮೊದಲ ಕೆಲ ದಿನ ಯಾಕೆ ಹಾಗಾಗುತ್ತದೆ ಅಂತ ಹೇಳುತ್ತೇನೆ. ವಿಂಡೋಸ್‌ನಲ್ಲಿ ಯಾವುದೇ ಪ್ರೋಗ್ರಾಂ ಫೈಲ್ ತೆರೆಯಲು ಹೋದರೂ ಆ ಕೋರಿಕೆ ಆ್ಯಂಟಿವೈರಸ್‌ನ ಫಿಲ್ಟರ್ ಡ್ರೈವರ್, ಅಂದರೆ ಫೈಲುಗಳ ದಾರಿಯಲ್ಲಿ ಕಾವಲು ಕೂತ ಸಣ್ಣ ಪ್ರೋಗ್ರಾಂ, ಅದನ್ನು ದಾಟಿಯೇ ಹೋಗಬೇಕು. ಅದು ಫೈಲನ್ನು ಓದಿ, ಪರೀಕ್ಷಿಸಿ, ಸರಿ ಅನ್ನಿಸಿದರೆ ಮುಂದೆ ಬಿಡುತ್ತದೆ. ಪ್ರತಿ ಸಲ ಪ್ರತಿ ಫೈಲಿಗೂ ಹೀಗೆ ಮಾಡುತ್ತಾ ಕೂತರೆ ಕಂಪ್ಯೂಟರ್ ಬಳಸಲು ಆಗುವುದಿಲ್ಲ. ಹಾಗಾಗಿ ಒಮ್ಮೆ ನೋಡಿದ, ಆಮೇಲೆ ಬದಲಾಗದ ಫೈಲುಗಳ ಲೆಕ್ಕ ಇಟ್ಟುಕೊಂಡಿರುತ್ತದೆ. ಎಂಜಿನ್, ಅಂದರೆ ಫೈಲುಗಳನ್ನು ಪರೀಕ್ಷಿಸುವ ಭಾಗ, ಬದಲಾದಾಗ ಈ ಹಳೆ ಲೆಕ್ಕವನ್ನು ಸಾಮಾನ್ಯವಾಗಿ ಬಿಸಾಡಲೇಬೇಕು. ಯಾಕೆಂದರೆ ಹಳೆ ಎಂಜಿನ್ 'ಸರಿ' ಅಂದದ್ದನ್ನು ಹೊಸದು ಕಣ್ಣುಮುಚ್ಚಿ ಒಪ್ಪುವ ಹಾಗಿಲ್ಲ. ಹಾಗಾಗಿ ಎಲ್ಲವನ್ನೂ ಮೊದಲಿನಿಂದ ನೋಡಬೇಕು. ಆ್ಯಂಟಿವೈರಸ್‌ಗಳ ವೇಗ ಅಳೆಯುವ ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಸಂಸ್ಥೆ ಕೂಡ ಫೈಲ್ ಕಾಪಿ ಮಾಡುವ ಪರೀಕ್ಷೆಯಲ್ಲಿ ಮೊದಲ ಸಲದ ಅಂಕ ಬೇರೆ, ಆಮೇಲಿನದು ಬೇರೆ ಅಂತ ಕೊಡುತ್ತದೆ. ಎರಡಕ್ಕೂ ಅಷ್ಟು ಅಂತರ ಇರಬಹುದು.

ನಿಮ್ಮದು ಹಾರ್ಡ್ ಡಿಸ್ಕ್ ಆಗಿರುವುದರಿಂದ ಏಟು ಜಾಸ್ತಿ. ತಿರುಗುವ ತಟ್ಟೆಯ ಮೇಲೆ ಬೇರೆ ಬೇರೆ ಕಡೆ ಚದುರಿರುವ ಸಣ್ಣ ಫೈಲುಗಳನ್ನು ಹುಡುಕಿ ಓದುವಾಗ ಅದು ಸೆಕೆಂಡಿಗೆ ಹೆಚ್ಚುಕಡಿಮೆ 100 ಸಲ ಮಾತ್ರ ಓದಬಲ್ಲದು. ಎಸ್‌ಎಸ್‌ಡಿ ಸಾವಿರಾರು ಸಲ ಓದುತ್ತದೆ. ಬ್ರೌಸರ್ ತೆರೆಯುವಾಗ ಸಣ್ಣ ಸಣ್ಣ ಫೈಲುಗಳ ದಂಡೇ ಬೇಕಾಗುತ್ತದೆ. ಅದೇ ಹೊತ್ತಿಗೆ ಹಿನ್ನೆಲೆಯಲ್ಲಿ ಸ್ಕ್ಯಾನ್ ಕೂಡ ನಡೆಯುತ್ತಿದ್ದರೆ ಇನ್ನು ಹೇಳುವುದೇ ಬೇಡ.

ಹಾಗಾಗಿ ಮೊದಲು ಎರಡು ಕೆಲಸ ಮಾಡಿ. ಸ್ಟಾರ್ಟ್ ಮೆನುವಿಗೆ ಹೋಗಿ 'ರೀಸ್ಟಾರ್ಟ್' ಒತ್ತಿ. ಶಟ್ ಡೌನ್ ಮಾಡಿ ಮತ್ತೆ ಆನ್ ಮಾಡಿದರೆ ಅದು ಬೇರೆ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಅದು ಆನ್ ಇದ್ದರೆ ಶಟ್ ಡೌನ್ ಮಾಡಿದಾಗ ವಿಂಡೋಸ್ ತನ್ನ ಒಳಭಾಗವನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಎದ್ದಾಗ ಅದನ್ನೇ ಮತ್ತೆ ಎತ್ತಿಕೊಳ್ಳುತ್ತದೆ. ಡ್ರೈವರ್‌ಗಳು ಹೊಸದಾಗಿ ಲೋಡ್ ಆಗುವುದು ರೀಸ್ಟಾರ್ಟ್ ಮಾಡಿದಾಗ. ಅಪ್‌ಗ್ರೇಡ್ ಅರ್ಧಕ್ಕೆ ನಿಂತಿದ್ದರೆ ಇದರಿಂದಲೇ ಸರಿಹೋಗಬಹುದು. ಆಮೇಲೆ ಚಾರ್ಜರ್ ಹಾಕಿ, ಸ್ಲೀಪ್ ಆಫ್ ಮಾಡಿ, ಒಂದು ರಾತ್ರಿ ಪೂರ್ತಿ ಸ್ಕ್ಯಾನ್ ಓಡಲು ಬಿಡಿ. ನೀವು ಕೆಲಸ ಮಾಡುವಾಗ ತುಣುಕು ತುಣುಕಾಗಿ ನಡೆಯಬೇಕಾದ್ದು ನೀವು ಮಲಗಿದಾಗ ಮುಗಿಯಲಿ.

ಅದಾದ ಮೇಲೂ ಹಾಗೇ ಇದ್ದರೆ ಊಹೆ ಮಾಡುತ್ತಾ ಕೂರಬೇಡಿ, ಕಣ್ಣಾರೆ ನೋಡಿ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಿಂದ ರಿಸೋರ್ಸ್ ಮಾನಿಟರ್ ತೆರೆಯಿರಿ. ಅದರಲ್ಲಿ ಡಿಸ್ಕ್ ಟ್ಯಾಬ್ ಇದೆ. ಯಾವ ಪ್ರೋಗ್ರಾಂ ಈ ಕ್ಷಣ ಯಾವ ಫೈಲ್ ಓದುತ್ತಿದೆ ಅಂತ ಸಾಲು ಸಾಲಾಗಿ ಬರುತ್ತದೆ. ಎರಡು ನಿಮಿಷ ಸುಮ್ನೆ ನೋಡುತ್ತಾ ಕೂತರೆ ಸಾಕು. ಹೆಸರುಗಳು ಬದಲಾಗುತ್ತಾ ಹೋದರೆ ಸ್ಕ್ಯಾನ್ ಮುಂದಕ್ಕೆ ಸಾಗುತ್ತಿದೆ, ತಾಳ್ಮೆ ಬೇಕು ಅಷ್ಟೇ. ಒಂದೇ ಫೈಲ್ ಮತ್ತೆ ಮತ್ತೆ ಬರುತ್ತಿದ್ದರೆ ಕಳ್ಳ ಸಿಕ್ಕಿದ ಹಾಗೆ. ಇಮೇಲ್ ಪ್ರೋಗ್ರಾಂಗಳು ಇಡೀ ಅಂಚೆಪೆಟ್ಟಿಗೆಯನ್ನು ಒಂದೇ ದೊಡ್ಡ ಫೈಲಿನಲ್ಲಿ ಇಟ್ಟಿರುವುದುಂಟು. ಒಂದು ಇಮೇಲ್ ಬಂದರೂ ಆ ಫೈಲ್ ಬದಲಾಗುತ್ತದೆ, ಆಗ ಅದನ್ನು ಮತ್ತೆ ನೋಡಬೇಕಾಗುತ್ತದೆ. ಇಂಥದ್ದು ಕಣ್ಣಿಗೆ ಬಿದ್ದರೆ ಆ ಒಂದು ಫೈಲನ್ನು ಮಾತ್ರ ಆ್ಯಂಟಿವೈರಸ್‌ನ ವಿನಾಯಿತಿ ಪಟ್ಟಿಗೆ (ಪರೀಕ್ಷೆ ಮಾಡದೆ ಬಿಡಬೇಕಾದ ಫೈಲುಗಳ ಪಟ್ಟಿ) ಸೇರಿಸಿ. ವೇಗ ಬರಲಿ ಅಂತ ಡೌನ್‌ಲೋಡ್ಸ್ ಫೋಲ್ಡರ್, ಟೆಂಪ್ ಫೋಲ್ಡರ್ ಸೇರಿಸಬೇಡಿ. ವೈರಸ್ ಬಂದು ಇಳಿಯುವುದೇ ಅಲ್ಲಿ.

ಈಗ ನನ್ನ ಅನುಮಾನಕ್ಕೆ ಬರುತ್ತೇನೆ. ಸ್ಲೋ ಆಯಿತು ಅಂತ ನೆಂಟರು, ಗೆಳೆಯರು ನನ್ನ ಕೈಗೆ ಕೊಡುವ ಲ್ಯಾಪ್‌ಟಾಪ್‌ಗಳಲ್ಲಿ ನಾನು ಮೊದಲು ಹುಡುಕುವುದು ಹಳೆ ಆ್ಯಂಟಿವೈರಸ್‌ನ ಪಳೆಯುಳಿಕೆ. ಕಮಾಂಡ್ ಪ್ರಾಂಪ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಎಫ್, ಎಲ್, ಟಿ, ಎಂ, ಸಿ, ಈ ಐದು ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿ ಟೈಪ್ ಮಾಡಿ ಎಂಟರ್ ಒತ್ತಿ. ಫೈಲುಗಳ ದಾರಿಯಲ್ಲಿ ಕೂತಿರುವ ಎಲ್ಲ ಫಿಲ್ಟರ್ ಡ್ರೈವರ್‌ಗಳ ಪಟ್ಟಿ ಬರುತ್ತದೆ. ಒಂದೊಂದರ ಎದುರಿಗೆ 'ಆಲ್ಟಿಟ್ಯೂಡ್' ಅಂತ ಒಂದು ಸಂಖ್ಯೆ ಇರುತ್ತದೆ. 320000ದಿಂದ 329999ರವರೆಗಿನ ಸಂಖ್ಯೆಗಳನ್ನು ಮೈಕ್ರೋಸಾಫ್ಟ್ ಆ್ಯಂಟಿವೈರಸ್‌ಗಳಿಗೆ ಅಂತಲೇ ಮೀಸಲಿಟ್ಟಿದೆ. ಅಲ್ಲಿ 328010 ಕಂಡರೆ ಗಾಬರಿ ಬೇಡ, ಅದು ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಡಿಫೆಂಡರ್. ಉಳಿದ ಹೆಸರುಗಳನ್ನು ಒಂದೊಂದಾಗಿ ಇಂಟರ್‌ನೆಟ್‌ನಲ್ಲಿ ಹುಡುಕಿ, ಯಾವ ಕಂಪನಿಯವು ಅಂತ ನೋಡಿ.

ಗೆಳೆಯರೊಬ್ಬರ ಯಂತ್ರದಲ್ಲಿ ಹೀಗೇ ನೋಡಿದ್ದೆ. ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ಹಳೆಯದರ ಹೆಸರೇ ಇರಲಿಲ್ಲ. ಐಕಾನ್ ಇಲ್ಲ, ಫೋಲ್ಡರ್ ಖಾಲಿ. ಆದರೆ ಈ ಪಟ್ಟಿಯಲ್ಲಿ ಅದರ ಡ್ರೈವರ್ ಹಾಯಾಗಿ ಕೂತಿತ್ತು, ಅದರ ಕೆಳಗೇ ಹೊಸದರದು. ಒಂದೇ ಒರೆಯಲ್ಲಿ ಎರಡು ಕತ್ತಿ! ಎರಡೂ ಜೀವಂತ ಇದ್ದರಂತೂ ಪರೀಕ್ಷೆಗೆ ಅಂತ ಒಂದು ಆ್ಯಂಟಿವೈರಸ್ ಫೈಲ್ ತೆರೆದರೆ, ಅದನ್ನು ಕಂಡು ಇನ್ನೊಂದೂ ಪರೀಕ್ಷೆಗೆ ಇಳಿಯಬಹುದು. ಅಷ್ಟು ಹೊತ್ತು ನಿಮ್ಮ ಬ್ರೌಸರ್ ಕಾಯುತ್ತಿರುತ್ತದೆ.

ಇದಕ್ಕೆ ಮದ್ದು ಇದೆ. ಹೆಚ್ಚಿನ ಆ್ಯಂಟಿವೈರಸ್ ಕಂಪನಿಗಳು ತಮ್ಮ ಸಾಫ್ಟ್‌ವೇರನ್ನು ಬುಡಸಮೇತ ತೆಗೆಯಲು ಬೇರೆಯೇ ಒಂದು ರಿಮೂವಲ್ ಟೂಲ್ ಕೊಡುತ್ತವೆ. ಹಳೆ ಕಂಪನಿಯ ಅಧಿಕೃತ ಸೈಟಿನಿಂದಲೇ ಇಳಿಸಿಕೊಳ್ಳಿ, ಓಡಿಸಿ, ರೀಸ್ಟಾರ್ಟ್ ಮಾಡಿ. ಡ್ರೈವರ್ ಫೈಲನ್ನು ಕೈಯಾರೆ ಡಿಲೀಟ್ ಮಾಡುವ ಸಾಹಸಕ್ಕೆ ಮಾತ್ರ ಹೋಗಬೇಡಿ. ಇಂಥ ಡ್ರೈವರ್‌ಗಳು ವಿಂಡೋಸ್‌ನ ಕರ್ನಲ್‌ನಲ್ಲಿ, ಅಂದರೆ ಅದರ ತಿರುಳಿನಲ್ಲೇ ಓಡುತ್ತವೆ, ಅಲ್ಲಿ ಸಣ್ಣದೊಂದು ತಪ್ಪಾದರೂ ಕಂಪ್ಯೂಟರ್ ಆನ್ ಆಗುವುದೇ ನಿಂತುಹೋಗಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ಹೊತ್ತು ಕೂತದ್ದು ನೆನಪಿರಬೇಕು ಅಲ್ವಾ? ಆ ಕಂಪನಿಯ ಡ್ರೈವರ್ ಇದ್ದದ್ದೂ ಕರ್ನಲ್‌ನಲ್ಲೇ.

ಇನ್ನೊಂದು ಕಡೆ ನೋಡಿ. ಹೊಸ ಆವೃತ್ತಿಯ ಜೊತೆ ಏನೇನು ಬಂದು ಸೇರಿಕೊಂಡಿದೆ? ವಿಪಿಎನ್, ಪಾಸ್‌ವರ್ಡ್ ಮ್ಯಾನೇಜರ್, 'ಕಂಪ್ಯೂಟರ್ ವೇಗ ಹೆಚ್ಚಿಸುವ' ಕ್ಲೀನರ್, ಬ್ರೌಸರ್ ಎಕ್ಸ್‌ಟೆನ್ಶನ್. 4 ಜಿಬಿ ರ್ಯಾಮ್‌ಗೆ ಈ ಪರಿವಾರ ಸಾಕುವ ಶಕ್ತಿ ಇಲ್ಲ. ಬೇಡದ್ದನ್ನೆಲ್ಲ ತೆಗೆಯಿರಿ. ಎಲ್ಲಕ್ಕಿಂತ ಮೊದಲು ಆ ಕ್ಲೀನರ್. ವೇಗ ತಿನ್ನುವುದೇ ವೇಗ ಕೊಡುತ್ತೇನೆ ಅನ್ನುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬ್ರೌಸರ್ ತೆರೆದ ಮೇಲೂ ವೆಬ್ ಪುಟಗಳು ಮಾತ್ರ ನಿಧಾನ ಅನ್ನಿಸಿದರೆ ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್, ಅಂದರೆ ಗೂಢಲಿಪಿಯಲ್ಲಿ ಬರುವ ವೆಬ್ ಪುಟಗಳ ಪರೀಕ್ಷೆ, ಆನ್ ಇದೆಯೇ ನೋಡಿ. ಅದಕ್ಕಾಗಿ ಆ್ಯಂಟಿವೈರಸ್ ತನ್ನದೇ ಸರ್ಟಿಫಿಕೇಟ್ (ಸೈಟಿನ ಗುರುತುಪತ್ರದಂಥದ್ದು) ಹಾಕಿಕೊಂಡು, ನಿಮ್ಮ ಮತ್ತು ಸೈಟಿನ ನಡುವಿನ ಗೂಢಲಿಪಿಯನ್ನು ಬಿಚ್ಚಿ, ಓದಿ, ಮತ್ತೆ ಕಟ್ಟಿ ಕಳಿಸುತ್ತದೆ. ನಾನು ಅದನ್ನು ಆಫ್ ಮಾಡಿಯೇ ಇಡುತ್ತೇನೆ. ಫೈಲ್ ಡಿಸ್ಕಿಗೆ ಇಳಿದಾಗ ಹೇಗಿದ್ದರೂ ಪರೀಕ್ಷೆ ಆಗುತ್ತದೆ.

ಇಷ್ಟೆಲ್ಲ ಮಾಡಿಯೂ ಸರಿಹೋಗದಿದ್ದರೆ ಆಗ ಕಿತ್ತುಹಾಕಿ, ರಿಮೂವಲ್ ಟೂಲ್ ಹಾಕಿಯೇ ಕಿತ್ತುಹಾಕಿ. ವಿಂಡೋಸ್ 10 ಅಥವಾ 11 ಇದ್ದರೆ ಬೇರೆ ಆ್ಯಂಟಿವೈರಸ್ ಇಲ್ಲ ಅಂತ ಗೊತ್ತಾದಾಗ ಡಿಫೆಂಡರ್ ತಾನೇ ಎಚ್ಚರವಾಗುತ್ತದೆ, ದುಡ್ಡು ಕೊಡಬೇಕಿಲ್ಲ. ಮನೆ ಬಳಕೆಗೆ ಅದು ಸಾಕು ಅನ್ನುವವನು ನಾನು. ಹಾಗಂತ ಡಿಫೆಂಡರ್ ಹೂವಿನಷ್ಟು ಹಗುರ ಅಂತ ತಿಳಿಯಬೇಡಿ. ಫೈರ್‌ಫಾಕ್ಸ್ ಬಳಸುವಾಗ ಅದು ಸಿಪಿಯುವನ್ನು ಸುಮ್ನೆ ತಿನ್ನುತ್ತದೆ ಅಂತ 2018ರಲ್ಲಿ ದೂರು ದಾಖಲಾಗಿತ್ತು. ಮೈಕ್ರೋಸಾಫ್ಟ್ ಅದನ್ನು ಸರಿಪಡಿಸಿದ್ದು 2023ರಲ್ಲಿ! ಟಾಸ್ಕ್ ಮ್ಯಾನೇಜರ್‌ನಲ್ಲಿ 'ಆ್ಯಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್' ಅಂತ ಕಾಣುವುದೇ ಡಿಫೆಂಡರ್. ಬದಲಾಯಿಸಿದ ಮೊದಲ ದಿನ ಅದೂ ಡಿಸ್ಕ್ ತಿನ್ನುತ್ತದೆ, ಕಾರಣ ಮೇಲೆ ಹೇಳಿದ್ದೇ.

ಹಣ ಖರ್ಚು ಮಾಡುವ ಮನಸ್ಸಿದ್ದರೆ ಆ್ಯಂಟಿವೈರಸ್ ಚಂದಾ ಕಟ್ಟುವ ಬದಲು ಒಂದು ಎಸ್‌ಎಸ್‌ಡಿ ಹಾಕಿಸಿ. ಯಾವ ಸೆಟ್ಟಿಂಗ್ ಬದಲಾಯಿಸಿದರೂ ಅಷ್ಟು ವ್ಯತ್ಯಾಸ ಕಾಣುವುದಿಲ್ಲ.

ಸೆಟ್ಟಿಂಗ್ಸ್ ತಿದ್ದಿದ ಮೇಲೆ ರಕ್ಷಣೆ ಇನ್ನೂ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಐಕಾರ್ (ಇಂಗ್ಲಿಷ್‌ನಲ್ಲಿ EICAR) ಅನ್ನುವ ಪರೀಕ್ಷಾ ಫೈಲ್ ಇಳಿಸಿ ನೋಡಿ. ಬರೀ 68 ಅಕ್ಷರಗಳ ಫೈಲ್, ಅದರಿಂದ ಏನೂ ಹಾನಿಯಿಲ್ಲ, ಆದರೆ ಆ್ಯಂಟಿವೈರಸ್‌ಗಳು ಅದನ್ನು ಕಂಡರೆ ಕೂಗಲೇಬೇಕು ಅಂತ ಒಪ್ಪಂದ. ಕೂಗದಿದ್ದರೆ ನೀವು ಆಫ್ ಮಾಡಬಾರದ್ದನ್ನು ಆಫ್ ಮಾಡಿದ್ದೀರಿ. ಅಪ್‌ಗ್ರೇಡ್ ಆದ ದಿನ ಯಾವುದು, ಆ ಡ್ರೈವರ್ ಪಟ್ಟಿಯಲ್ಲಿ ಯಾವ್ಯಾವ ಹೆಸರು ಕಂಡವು, ಇಷ್ಟನ್ನು ಇಲ್ಲೇ ಬರೆಯಿರಿ, ಯಾವುದು ಯಾರದ್ದು ಅಂತ ನೋಡಿ ಹೇಳುತ್ತೇನೆ.